ಹೊಟ್ಟೆಯ ಮೇಲೆ ಒಣಗದ ದ್ರಾವಣ

ಆ ದಿನದ ಪಟ್ಟಿಯಲ್ಲಿ ಅವರದು ಮೂರನೆಯ ಹೆಸರು. ಕಮಲಾಪುರದವರು, ನಲವತ್ತೈದರ ಆಸುಪಾಸಿನ ಹೆಣ್ಣುಮಗಳು. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳುಗಟ್ಟಲೆ ನಿಲ್ಲದ ರಕ್ತಸ್ರಾವ. ಮಾತ್ರೆಗಳಿಂದ ಗುಣ ಕಾಣದೆ ಕೊನೆಗೆ ಗರ್ಭಕೋಶ ತೆಗೆಯುವುದೆಂದು ತೀರ್ಮಾನವಾಗಿತ್ತು. ನಮ್ಮ ಕಡೆಯ ಹೆಂಗಸರು ಇದನ್ನು ‘ಚೀಲ ತೆಗೆಸುವುದು’ ಅನ್ನುತ್ತಾರೆ. ಮೇಜಿನ ಮೇಲೆ ಮಲಗಿಸಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದರು:

“ಅಕ್ಕೋರೆ, ಭಾಳ ಬ್ಯಾನಿ ಆಗ್ತದೇನ್ರಿ?”

“ಬೆನ್ನಿಗಿ ಒಂದು ಸೂಜಿ ಚುಚ್ತಾರ, ಅಷ್ಟೇ ರೀ. ಆಮ್ಯಾಲ ಸೊಂಟದ ಕೆಳಗ ಏನೂ ಗೊತ್ತಾಗಂಗಿಲ್ಲ,” ಅಂದೆ.

ನಾನು ಹೇಳಿದ್ದು ನಿಜವೇ. ಮುಂದೆ ನನ್ನನ್ನು ಹೆದರಿಸಿದ್ದೂ ಅದೇ ಮಾತು. ಸೊಂಟದ ಕೆಳಗೆ ಏನಾದರೂ ಅವರಿಗೆ ಗೊತ್ತಾಗುವಂತಿರಲಿಲ್ಲ.

ಕಲಬುರಗಿಯ ಆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಾನು ನರ್ಸ್. ಆಗ ನಮ್ಮಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಸ್ತ್ರೀರೋಗ ವಿಭಾಗದ ಪಿಜಿ ಡಾಕ್ಟರ್, ಇನ್ನೂ ಮೂವತ್ತು ದಾಟದ ಹುಡುಗಿ, ತನ್ನ ಥೀಸಿಸ್‌ಗಾಗಿ ಎರಡು ಕ್ರಿಮಿನಾಶಕ ದ್ರಾವಣಗಳನ್ನು ಹೋಲಿಸುತ್ತಿದ್ದಳು. ಒಂದು, ನಾವು ವರ್ಷಗಳಿಂದ ಬಳಸುತ್ತ ಬಂದ ಕಂದು ಬಣ್ಣದ ಅಯೋಡಿನ್. ಇನ್ನೊಂದು ಕ್ಲೋರ್‌ಹೆಕ್ಸಿಡಿನ್. ಯಾವುದನ್ನು ಹಚ್ಚಿದವರಿಗೆ ಆಮೇಲೆ ಕೀವು, ಜ್ವರ ಕಡಿಮೆ ಎಂಬುದು ಪ್ರಶ್ನೆ. ಯಾರಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು. ರೋಗಿಯನ್ನು ಒಳಗೆ ತಂದ ಮೇಲೆಯೇ ಅದನ್ನು ಒಡೆಯಬೇಕು. ಹಚ್ಚುವ ಕೈ ಬದಲಾದರೆ ಫಲಿತಾಂಶವೂ ಬದಲಾದೀತೆಂದು, ಹಚ್ಚುವ ಕೆಲಸವನ್ನೆಲ್ಲ ನನ್ನೊಬ್ಬಳಿಗೇ ವಹಿಸಿದ್ದರು. ನನ್ನ ಕೈ ನಿಧಾನ, ಆದರೆ ಪಕ್ಕಾ ಎಂದು ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ದೊಡ್ಡ ಮೇಡಂ ಅನ್ನುವವರು, ಹೇಳಿದ್ದರು. ಆ ಮಾತಿನ ಹೆಮ್ಮೆ ನನಗಿತ್ತು.

ಗರ್ಭಕೋಶ ತೆಗೆಯುವಾಗ ಎರಡು ಕಡೆ ಶುದ್ಧ ಮಾಡಬೇಕು: ಹೊಟ್ಟೆಯ ಚರ್ಮ, ಮತ್ತು ಒಳಗಿನ ಯೋನಿಮಾರ್ಗ. ಕಂದು ಗುಂಪಿನಲ್ಲಿ ಎರಡಕ್ಕೂ ಒಂದೇ ದ್ರಾವಣ, ಚಿಂತೆ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಗುಂಪಿನಲ್ಲಿ ಹಾಗಲ್ಲ. ಹೊಟ್ಟೆಗೆ ಸ್ಪಿರಿಟ್‌ನಲ್ಲಿ ಬೆರೆಸಿದ್ದು; ಅದು ಚರ್ಮದ ಮೇಲೆ ಬೇಗ ಕೆಲಸ ಮಾಡಿ ಮೂರು ನಿಮಿಷದಲ್ಲಿ ಒಣಗಿಹೋಗುತ್ತದೆ. ಒಳಗೆ ನೀರಿನಲ್ಲಿ ಬೆರೆಸಿದ್ದು ಮಾತ್ರ. ಒಳಗಿನ ಪದರ ಬಾಯಿಯೊಳಗಿನ ಪದರದಂತೆ ಮೆತ್ತಗೆ, ಸ್ಪಿರಿಟ್ ತಾಗಿದರೆ ಸುಡುತ್ತದೆ. ಈ ಎರಡೂ ಒಂದೇ ತೆಳು ಗುಲಾಬಿ ಬಣ್ಣದವು. ಬಾಟಲಿಯಲ್ಲಿದ್ದಾಗ ಚೀಟಿ ಓದಬಹುದು; ಸ್ಟೀಲ್ ಬಟ್ಟಲಿಗೆ ಸುರಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಹಾಗಾಗಿ ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಟ್ರಾಲಿಯ ಮೇಲೆ ನನ್ನ ಎಡಗಡೆಯ ಬಟ್ಟಲು ಒಳಗಿನದು, ಬಲಗಡೆಯದು ಹೊಟ್ಟೆಯದು.

ಆ ದಿನ ಲಕೋಟೆಯಲ್ಲಿ ಬಂದದ್ದು ಕ್ಲೋರ್‌ಹೆಕ್ಸಿಡಿನ್. ಎರಡು ಬಾಟಲಿಗಳ ಚೀಟಿ ಓದಿದೆ, ಎರಡು ಬಟ್ಟಲಿಗೆ ಸುರಿದೆ. ಅಷ್ಟರಲ್ಲಿ ಮೇಲಿನ ದೊಡ್ಡ ದೀಪ ಒಂದೆರಡು ಸಲ ಮಿನುಗಿ ಆರಿತು. ತಂತ್ರಜ್ಞರು ಬಂದು ಪಕ್ಕದ ಕೊಠಡಿಯ ದೀಪ ತಂದು ನಿಲ್ಲಿಸಿದರು. ಜಾಗ ಮಾಡಲು ಆಯಾ, ಬಟ್ಟಲುಗಳಿಗೆ ಕೈ ತಾಗದಂತೆ, ಟ್ರಾಲಿಯನ್ನು ಕೆಳಗಿನ ಕಂಬಿ ಹಿಡಿದು ಅತ್ತ ಸರಿಸಿ, ಮತ್ತೆ ಇತ್ತ ತಂದಿಟ್ಟಳು. ನಾನು ಆಗ ಕೈ ತೊಳೆದು ಗೌನು, ಗ್ಲೌಸು ಹಾಕಿಕೊಳ್ಳುತ್ತಿದ್ದೆ.

ಮೊದಲು ಒಳಗೆ. ಕಾಲು ಮಡಚಿಸಿ, ಎಡಗಡೆಯ ಬಟ್ಟಲಿನಿಂದ ಮೂರು ಸಲ, ಪ್ರತಿ ಸಲವೂ ಹೊಸ ಅರಿವೆ. ಗ್ಲೌಸು ಬದಲಿಸಿದೆ. ಆಮೇಲೆ ಹೊಟ್ಟೆ, ಕೊಯ್ಯುವ ಜಾಗದಿಂದ ಹೊರಕ್ಕೆ. ಗಡಿಯಾರ ನೋಡಿದೆ. ಮೂರು ನಿಮಿಷ ಆಯಿತು. ಹೊಟ್ಟೆ ಇನ್ನೂ ಒದ್ದೆ.

“ಇನ್ನೂ ಒಣಗಿಲ್ಲೇನ್ರಿ?” ದೊಡ್ಡ ಮೇಡಂ ಕೈ ಎತ್ತಿ ಹಿಡಿದುಕೊಂಡು ನಿಂತಿದ್ದರು.

“ಇನ್ನೊಂದು ನಿಮಿಷ, ಮೇಡಂ.”

ಐದು ನಿಮಿಷವಾದರೂ ಹೊಟ್ಟೆ ಹೊಳೆಯುತ್ತಲೇ ಇತ್ತು. ಎಸಿ ಸರಿ ಇಲ್ಲ, ಈ ಸೆಕೆಗೆ ಒಣಗುತ್ತಿಲ್ಲ ಎಂದು ಅರಿವಳಿಕೆ ಡಾಕ್ಟರ್ ಅಂದರು. ಪಿಜಿ ಹುಡುಗಿ ಶುದ್ಧ ಟವೆಲ್‌ನಿಂದ ಹೊಟ್ಟೆ ಒತ್ತಿ ಒರೆಸಿದಳು. ಶಸ್ತ್ರಚಿಕಿತ್ಸೆ ಶುರುವಾಯಿತು, ಸಲೀಸಾಗಿ ಮುಗಿಯಿತು. ರಕ್ತವೂ ಹೆಚ್ಚು ಹೋಗಲಿಲ್ಲ.

ಮಧ್ಯಾಹ್ನ ಉಪಕರಣಗಳನ್ನು ಎಣಿಸಿ ತೊಳೆಯಲು ಹಾಕುವಾಗ ನನ್ನ ಕೈ ತಾನಾಗಿ ನಿಂತಿತು. ಸ್ಪಿರಿಟ್ ಯಾಕೆ ಒಣಗಲಿಲ್ಲ? ಎಷ್ಟೇ ಸೆಕೆಯಿದ್ದರೂ ಸ್ಪಿರಿಟ್ ಐದು ನಿಮಿಷ ಚರ್ಮದ ಮೇಲೆ ನಿಲ್ಲುವುದಿಲ್ಲ. ಹೊಟ್ಟೆಯ ಮೇಲಿದ್ದದ್ದು ನೀರಿನದಾದರೆ ಒಳಗೆ ಹೋದದ್ದು ಯಾವುದು? ಟ್ರಾಲಿ ಹೋಗಿ ಬಂದದ್ದು ನೆನಪಾಯಿತು. ಮುಖ ತಿರುಗಿ ಬಂದಿದ್ದರೆ ಎಡ ಬಲವಾಗಿರುತ್ತದೆ. ಬಟ್ಟಲುಗಳನ್ನು ನೋಡಲು ಓಡಿದೆ. ಆಯಾ ಎರಡನ್ನೂ ಚೆಲ್ಲಿ ತೊಳೆದು ಬೋರಲು ಹಾಕಿದ್ದಳು.

ಇನ್ನೊಂದು ಯೋಚನೆಯೂ ಅದರ ಹಿಂದೆಯೇ ಬಂತು. ಒಳಗೆ ಹಚ್ಚಿದ್ದರಲ್ಲಿ ಹೆಚ್ಚಾದದ್ದು ಸೊಂಟದ ಕೆಳಗಿನ ಬಟ್ಟೆಗೆ ಇಳಿದಿರುತ್ತದೆ. ಅದು ಸ್ಪಿರಿಟ್ ಆಗಿದ್ದರೆ, ರಕ್ತ ನಿಲ್ಲಿಸುವ ವಿದ್ಯುತ್ ಕಡ್ಡಿಯ ಒಂದು ಕಿಡಿ ಸಾಕಿತ್ತು. ಅರಿವಳಿಕೆಯಲ್ಲಿದ್ದ ಹೆಂಗಸಿಗೆ ಬೆಂಕಿ ಹತ್ತಿದ್ದೂ ಗೊತ್ತಾಗುತ್ತಿರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಆದರೂ ಯಾರಿಗೂ ಹೇಳಲಿಲ್ಲ. ಪುರಾವೆ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಸಿ ಕೆಟ್ಟಿದ್ದು ನಿಜವಿರಬಹುದು. ಟ್ರಾಲಿ ನೇರವಾಗಿಯೇ ಬಂದಿರಬಹುದು. ಕೋಟನೂರಿನ ಮನೆಗೆ ಹೋಗಿ ಅಡುಗೆ ಮಾಡಿದೆ, ಉಂಡೆ, ಮನೆಯವರು ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಮನಸ್ಸಿನಲ್ಲಿ ಆ ಟ್ರಾಲಿ ತಿರುಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದೆ. ಸಂಜೆಯಿಂದ ಉರಿ ಅನ್ನುತ್ತಿದ್ದಾರೆ ಎಂದು ವಾರ್ಡಿನ ನರ್ಸ್ ಬರೆದಿದ್ದಳು. ಮೂತ್ರದ ನಳಿಕೆಯಿಂದ ಇರಬಹುದು ಎಂದು ಪಕ್ಕದಲ್ಲಿ ಬರೆದಿತ್ತು. ನಳಿಕೆ ತೆಗೆದ ಮೇಲೆ ನಾನು ಮತ್ತೆ ಹೋಗಿ ಕೇಳಿದೆ, “ಉರಿ ಅದ ಏನ್ರಿ ಇನ್ನೂ?” ಅವರ ಗಂಡ ಮಂಚದ ಪಕ್ಕ ನಿಂತಿದ್ದರು. ಆಚೆ ಮಂಚದವರ ಸಂಬಂಧಿಕರೂ ನಮ್ಮನ್ನೇ ನೋಡುತ್ತಿದ್ದರು. ಕಮಲಾಪುರದವರು ಸೆರಗು ಎಳೆದುಕೊಂಡು, “ಇಲ್ರಿ, ಆರಾಮ ಅದ,” ಅಂದರು. ಆ ‘ಇಲ್ರಿ’ ಸುಳ್ಳೆಂದು ನನಗೆ ಅನಿಸಿತು. ಗಂಡನನ್ನು ಹೊರಗೆ ಕಳಿಸಿ ಪರದೆ ಎಳೆದು ಮತ್ತೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ನನಗೆ ಬೇಕಿರಲಿಲ್ಲ.

ಐದನೆಯ ದಿನ ಅವರನ್ನು ಮನೆಗೆ ಕಳಿಸಿದರು. ಹತ್ತನೆಯ ದಿನ ಹೊಲಿಗೆ ಬಿಚ್ಚಿಸಲು ಬರಬೇಕಿತ್ತು. ಬರಲಿಲ್ಲ. ಮತ್ತೆರಡು ದಿನ ಕಾದು ಪಿಜಿ ಹುಡುಗಿ ನನ್ನೆದುರಿಗೇ ಫೋನ್ ಮಾಡಿದಳು. ಎತ್ತಿದ್ದು ಗಂಡ.

“ಆರಾಮ ಅದಾಳ್ರಿ. ಹೊಲಗಿ ಇಲ್ಲೇ ಬಿಚ್ಚಿಸೀವ್ರಿ. ಹೊಟ್ಟಿ ಮ್ಯಾಲಿನ ಗಾಯ ಚೊಲೊ ಆಗ್ಯದ ಅಂದ್ರು.”

“ಜ್ವರ ಏನರ ಅದ ಏನ್ರಿ?”

“ಒಂಚೂರು ಮೈ ಬಿಸಿ ಅದರಿ. ಗುಳಿಗಿ ಕೊಟ್ಟೀವಿ.”

“ಅವರ ಕೈಯಾಗ ಫೋನ್ ಕೊಡ್ರಿ.”

“ಮಲಗ್ಯಾಳ್ರಿ.”

ಆಗ ಬೆಳಗಿನ ಹನ್ನೊಂದು. ದಿನಾ ಆ ಹೊತ್ತಿಗೆ ನೂರಾರು ಮಕ್ಕಳ ಅನ್ನ ಬಸಿಯುತ್ತಿದ್ದ ಹೆಂಗಸು. ಪಿಜಿ ಹುಡುಗಿ, “ಗಾಯ ಚೊಲೊ ಅದಂತ, ಸಿಸ್ಟರ್,” ಎಂದು ಸಮಾಧಾನದಿಂದ ಅಧ್ಯಯನದ ದಾಖಲೆ ಪುಸ್ತಕ ಮುಚ್ಚಿದಳು. ಹೊಟ್ಟೆಯ ಗಾಯ ಮಾಯುವುದೇ. ನನ್ನ ಭಯ ಇದ್ದದ್ದು ಯಾರೂ ನೋಡದ ಗಾಯದ ಬಗ್ಗೆ.

ಮರುದಿನ ಹೊರರೋಗಿಗಳ ಸಾಲು ಕರಗುವವರೆಗೆ ದೊಡ್ಡ ಮೇಡಂ ಕೋಣೆಯ ಹೊರಗೆ ನಿಂತಿದ್ದೆ. ಎರಡು ಸಲ ವಾಪಸ್ ಹೊರಟೆ. ಮೆಟ್ಟಿಲ ತನಕ ಹೋಗಿ ತಿರುಗಿ ಬಂದೆ. ಕೆಲಸ ಹೋದೀತು, ಪೇಪರಿನಲ್ಲಿ ಬಂದೀತು, ಆ ಹುಡುಗಿಯ ಥೀಸಿಸ್ ಹಾಳಾದೀತು, ಎಲ್ಲ ಕಣ್ಣ ಮುಂದೆ ಬಂತು. ಆದರೆ ಇನ್ನೊಂದು ಚಿತ್ರ ಇವೆಲ್ಲಕ್ಕಿಂತ ದೊಡ್ಡದಾಗಿತ್ತು. ಹಾಡುಹಗಲಲ್ಲಿ ಮೊಣಕಾಲು ಮಡಚಿ ಗೋಡೆಗೆ ಮುಖ ಮಾಡಿ ಮಲಗಿದ ಹೆಂಗಸು. ಒಳಗೆ ಹೋದೆ.

“ಮೇಡಂ, ಒಂದು ಮಾತು ಹೇಳಬೇಕಾಗ್ಯದ.”

ನಿಂತೇ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಖಾತ್ರಿ ಅದ ಏನು?”

“ಖಾತ್ರಿ ಇಲ್ರಿ. ಆದ್ರ ಹೊಟ್ಟಿ ಒಣಗಲಿಲ್ರಿ, ಮೇಡಂ.”

“ಹೌದು. ನನಗೂ ನೆನಪದ. ಯಾಕ ಒಣಗವಲ್ದು ಅಂತ ನಾನೂ ನಿಂತು ಕೇಳಲಿಲ್ಲ,” ಅಂದರು. ಆಮೇಲೆ, “ಎಷ್ಟು ದಿನ ಆತು?”

“ಹದಿಮೂರು.”

“ಅವತ್ತೇ ಯಾಕ ಹೇಳಲಿಲ್ಲ?”

“ಅಂಜಿಕಿ ಆತ್ರಿ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಪಿಜಿ ಹುಡುಗಿಯನ್ನು ಕರೆಸಿ ಎರಡೇ ಮಾತು ಹೇಳಿದರು: “ಇವತ್ತಿನಿಂದ ಒಂದು ಲಕೋಟೆನೂ ಒಡೀಬ್ಯಾಡ್ರಿ. ಇಬ್ಬರೂ ಕಮಲಾಪುರಕ್ಕ ಹೋಗಿ ಆ ಹೆಣ್ಣಮಗಳನ್ನ ಕರಕೊಂಡು ಬರ್ರಿ, ಈಗಲೇ.”

ಹುಡುಗಿಯ ಕಾರಿನಲ್ಲಿ ಹೊರಟೆವು. ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆ ದಾಟುವಾಗ ಆಟೊಗಳ ನಡುವೆ ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ಹೋಯಿತು. ಅವಳು ಹಾರ್ನ್ ಒತ್ತುತ್ತಲೇ ಇದ್ದಳು, ಕಣ್ಣಲ್ಲಿ ನೀರು. ಊರು ದಾಟಿ ತೊಗರಿ ಹೊಲಗಳು ಶುರುವಾದ ಮೇಲೆ ಬಾಯಿ ಬಿಟ್ಟಳು.

“ನನಗರ ಹೇಳಬೇಕಿತ್ತಲ್ಲ, ಸಿಸ್ಟರ್. ನಿನ್ನೆ ನಾ ಫೋನ್ ಮಾಡಿದಾಗ ನೀವು ಬಾಜೂಕೇ ಇದ್ರಿ.”

ಕಮಲಾಪುರ ಸಮೀಪಿಸಿದಾಗ ಮತ್ತೆ ಅಂದಳು, “ಅಲ್ಲಿ ಏನೂ ಹೇಳೋದು ಬ್ಯಾಡ. ಚೆಕಪ್ ಅದ ಅಂತ ಅಂದು ಕರಕೊಂಡು ಬರೋಣ. ಉಳಿದಿದ್ದು ಮೇಡಂ ನೋಡ್ಕೋತಾರ.” ನಾನು ತಲೆಯಾಡಿಸಿದೆ.

ಮನೆ ಮುಂದೆ ಗಂಡ ಕೆಂಪು ಬಾಳೆಯ ಗೊನೆಗಳನ್ನು ಗೂಡ್ಸ್ ಆಟೊಗೆ ಏರಿಸುತ್ತಿದ್ದರು. ನಮ್ಮನ್ನು ನೋಡಿ ಗೊನೆ ಕೆಳಗಿಟ್ಟರು. ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ಕೌದಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದರು. ಹಣೆ ಮುಟ್ಟಿದೆ, ಕಾದ ಹಂಚಿನಂತಿತ್ತು. ಥರ್ಮಾಮೀಟರ್ ನೂರಾ ಮೂರು ತೋರಿಸಿತು. ನಾಡಿ ಓಡುತ್ತಿತ್ತು. ಕೋಣೆಯಲ್ಲಿ ಒಂದು ವಾಸನೆ ಇತ್ತು. ನಮ್ಮ ಕೆಲಸದಲ್ಲಿರುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

“ನಡೀರಿ, ಕಲಬುರ್ಗಿಗಿ ಹೋಗೋಣ. ಒಂದು ಚೆಕಪ್ ಮಾಡಬೇಕಾಗ್ಯದ,” ಅಂದಳು ಪಿಜಿ ಹುಡುಗಿ.

“ನಾ ಬರಂಗಿಲ್ಲ.” ಗೋಡೆ ಕಡೆಯಿಂದಲೇ ಮಾತು ಬಂತು. “ಮತ್ತ ಆ ದವಾಖಾನಿಗಿ ನಾ ಬರಂಗಿಲ್ಲ. ಇಲ್ಲೇ ಗುಳಿಗಿ ತಗೋತೀನಿ.”

ಹುಡುಗಿ ಪರಿಪರಿಯಾಗಿ ಹೇಳಿದಳು. ಗಂಡ ಹೇಳಿದರು. ಅವರು ಕೌದಿಯನ್ನು ಮತ್ತಷ್ಟು ಬಿಗಿಯಾಗಿ ಎಳೆದುಕೊಂಡರು. ಇನ್ನೊಂದು ದಿನ ಹೀಗೇ ಬಿಟ್ಟರೆ ವಿಷ ರಕ್ತಕ್ಕೆ ಏರುತ್ತದೆಂದು ನನಗೆ ಗೊತ್ತಿತ್ತು. ಈಗಾಗಲೇ ಏರಿರಲೂಬಹುದು. ನೆಲದ ಮೇಲೆ ಅವರ ತಲೆಯ ಹತ್ತಿರ ಕುಳಿತೆ.

“ಒಳಗ ಉರಿ ಅದಲ್ರಿ? ಆಪರೇಷನ್ ಆದ ದಿನದಿಂದ?”

ಕೌದಿಯ ಅಂಚು ಬಿಗಿಹಿಡಿದಿದ್ದ ಅವರ ಬೆರಳುಗಳು ಸಡಿಲವಾದವು.

“ಅದು ನಿಮ್ಮ ಮೈಯಿಂದ ಆಗಿದ್ದಲ್ರಿ. ಹೊಟ್ಟಿ ಮ್ಯಾಲ ಹಚ್ಚೋ ಔಷಧ ನಾ ಒಳಗ ಹಚ್ಚೀನಿ ಅಂತ ಕಾಣ್ತದ. ಬಟ್ಟಲು ಅದಲುಬದಲು ಆಗ್ಯಾವ. ಅದ್ರಾಗ ಸ್ಪಿರಿಟ್ ಇರ್ತದ. ಅದಕ್ಕೇ ಸುಟ್ಟದ.”

ಪಿಜಿ ಹುಡುಗಿ ನನ್ನ ಭುಜ ಹಿಡಿದಳು. ಬಾಗಿಲಲ್ಲಿದ್ದ ಗಂಡ ಒಳಗೆ ಬಂದರು. “ಏನಂದ್ರಿ? ನಮ್ಮ ಮನಿ ಹೆಣ್ಣಮಗಳ ಮ್ಯಾಲ ಔಷಧ ಪರೀಕ್ಷಾ ಮಾಡಾಕತ್ತೀರೇನು ನೀವು?” ಅವರ ದನಿಗೆ ಹೊರಗಿನ ಗೂಡ್ಸ್ ಆಟೊದವನೂ ಇಣುಕಿದ. ನಾನು ಎದ್ದೇಳಲಿಲ್ಲ. ಹೊಡೆದರೂ ಹೊಡೆಸಿಕೊಳ್ಳುವುದೇ ಅಂದುಕೊಂಡೆ.

ಆಗ ಅವರು ಈ ಕಡೆ ತಿರುಗಿದರು. ಮುಖ ಒಣಗಿ ಸಣ್ಣದಾಗಿತ್ತು.

“ನೀವು ಸುಮ್ಮಿರ್ರಿ,” ಎಂದು ಗಂಡನಿಗೆ ಹೇಳಿ, ನನ್ನನ್ನೇ ನೋಡುತ್ತ ಅಂದರು, “ಒಂದಕ್ಕ ಹೋದ್ರ ಕೆಂಡ ಇಟ್ಟಂಗ ಆಗ್ತಿತ್ತು. ಯಾರ ಮುಂದ ಹೇಳ್ಲಿ? ಚೀಲ ತೆಗೆದ ಮ್ಯಾಲ ಎಲ್ಲಾರಿಗೂ ಹಿಂಗೇ ಇರ್ತದ, ನಂದೇ ತಾಳಲಾರದ ಮೈ ಅನ್ಕೊಂಡಿದ್ದೆ. ಬಾಯಾಗ ಸೆರಗ ಇಟ್ಕೊಂಡು ಅತ್ತೀನಿ. ನಿಮಗ ಗೊತ್ತಿತ್ತು?”

“ಸಂಶಯ ಇತ್ರಿ.”

“ಮೊದಲನೇ ದಿನದಿಂದ?”

“ಹೌದ್ರಿ.”

ಅವರು ಅಳಲಿಲ್ಲ, ಕೂಗಲಿಲ್ಲ. ಬಹಳ ಹೊತ್ತು ನನ್ನನ್ನು ನೋಡಿದರು. ಕೊನೆಗೆ ಗಂಡನ ಕಡೆ ಕೈ ಚಾಚಿ, “ಎಬ್ಬಸ್ರಿ ನನ್ನ. ಹೋಗೂಣು,” ಅಂದರು. ನಾನು ತೋಳು ಹಿಡಿಯಲು ಹೋದಾಗ ಕೈ ಸರಿಸಿಕೊಂಡರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಗಂಡನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದರು. ನಾನು ಮುಂದೆ ಕುಳಿತು ಅವರ ಉಸಿರು ಎಣಿಸುತ್ತಿದ್ದೆ.

ಮೇಡಂ ಪರೀಕ್ಷೆ ಮಾಡುವಾಗ ದೀಪ ಹಿಡಿದದ್ದು ನಾನೇ. ಒಳಗಿನ ಪದರ ಬಿಳಿಚಿ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತ್ತು. ಗರ್ಭಕೋಶ ತೆಗೆದ ಜಾಗದ ಹೊಲಿಗೆ ಒಂದು ಕಡೆ ಬಿಟ್ಟುಕೊಂಡು ಅಲ್ಲಿಂದ ಕೀವು ಬರುತ್ತಿತ್ತು. ಸ್ಕ್ಯಾನ್‌ನಲ್ಲಿ ಹಿಂದುಗಡೆ ಕೀವಿನ ಒಂದು ಗುಳ್ಳೆ ಕಂಡಿತು. ಆ ಸಂಜೆಯೇ ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ದರು. ನನಗೆ ಟ್ರಾಲಿ ಮುಟ್ಟಬಾರದೆಂದು ಹೇಳಿದ್ದರು. ಗೋಡೆಗೆ ಒರಗಿ ನಿಂತು ನೋಡಿದೆ. ಮೇಡಂ ಒಳಗೆ ಯಾವ ದ್ರಾವಣವನ್ನೂ ಹಚ್ಚದೆ ಸಲೈನ್‌ನಿಂದಲೇ ತೊಳೆದರು, ಕೀವು ಹೊರಗೆ ಹರಿಸಿದರು, ಸತ್ತ ಪದರವನ್ನು ಹಗುರಾಗಿ ಬಿಡಿಸಿದರು.

ಎರಡು ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ರಕ್ತದೊತ್ತಡ ಕುಸಿಯಿತು, ಐಸಿಯುಗೆ ಒಯ್ದರು. ಆ ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಕುಳಿತು, ಮೇಲಿಂದ ಯಾರ ಹೆಜ್ಜೆ ಸದ್ದು ಕೇಳಿದರೂ ಸುದ್ದಿ ಬಂತು ಅಂದುಕೊಳ್ಳುತ್ತಿದ್ದೆ. ಪಿಜಿ ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು. ಕೀವಿನ ಪರೀಕ್ಷೆಯ ವರದಿ ಬಂದ ಮೇಲೆ ಔಷಧ ಬದಲಿಸಿದರು. ಮೂರನೆಯ ಬೆಳಿಗ್ಗೆ ಜ್ವರ ತೊಂಬತ್ತೊಂಬತ್ತಕ್ಕೆ ಇಳಿಯಿತು. ಅವರು ಗಂಜಿ ಕೇಳಿದರಂತೆ.

ಇಂಥ ಶಸ್ತ್ರಚಿಕಿತ್ಸೆಯಾದ ಮೇಲೆ ಯಾವ ತಪ್ಪಿಲ್ಲದೆಯೂ ಒಮ್ಮೊಮ್ಮೆ ಕೀವಾಗುತ್ತದೆ, ಎಲ್ಲವೂ ಸ್ಪಿರಿಟ್‌ನಿಂದಲೇ ಆಯಿತೆಂದು ಯಾರೂ ಹೇಳಲಾರರು ಎಂದು ಮೇಡಂ ವಿಚಾರಣೆಯಲ್ಲಿ ಹೇಳಿದರು. ನಾನು ಆ ಮಾತಿನ ಹಿಂದೆ ಅಡಗಿಕೊಳ್ಳಲಿಲ್ಲ. ಟ್ರಾಲಿ, ದೀಪ, ಒಣಗದ ಹೊಟ್ಟೆ, ಆಮೇಲಿನ ಹದಿಮೂರು ದಿನ, ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ತಪ್ಪು ಯಾರಿಂದಲೂ ಆಗಬಹುದಿತ್ತು, ಮೌನ ಮಾತ್ರ ನಿಮ್ಮದೇ ಎಂದು ಸಮಿತಿಯ ಹಿರಿಯರೊಬ್ಬರು ಅಂದರು. ನನ್ನನ್ನು ವಾರ್ಡಿಗೆ ಹಾಕಿದರು. ಆ ದಂಪತಿಯನ್ನು ಕೂರಿಸಿ ಮೇಡಂ ತಾವೇ ಎಲ್ಲ ವಿವರಿಸಿದರು, ಕ್ಷಮೆ ಕೇಳಿದರು. ಚಿಕಿತ್ಸೆಯನ್ನು ಆಸ್ಪತ್ರೆಯೇ ವಹಿಸಿಕೊಂಡಿತು.

ಅಧ್ಯಯನ ನಿಂತಿತು. ಮತ್ತೆ ಶುರು ಮಾಡುವ ಮೊದಲು ಪಿಜಿ ಹುಡುಗಿ ನನ್ನನ್ನು ಕರೆದು ಕ್ರಮವನ್ನು ಹೊಸದಾಗಿ ಬರೆದಳು. ಒಳಗಿನ ದ್ರಾವಣಕ್ಕೆ ಬೇರೆಯೇ ಟ್ರಾಲಿ. ಅದರ ಕೆಲಸ ಮುಗಿದು ಅದು ಕೊಠಡಿಯಿಂದ ಹೊರಗೆ ಹೋಗುವವರೆಗೆ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯುವಂತಿಲ್ಲ. ಚೀಟಿಯನ್ನು ಇಬ್ಬರು ಜೋರಾಗಿ ಓದಬೇಕು. ಹೊಟ್ಟೆ ಮೂರು ನಿಮಿಷದಲ್ಲಿ ಒಣಗದಿದ್ದರೆ ಚಾಕು ಎತ್ತುವಂತಿಲ್ಲ, ಯಾಕೆಂದು ಕೇಳಬೇಕು. ಕಮಲಾಪುರದವರ ಪ್ರಕರಣವನ್ನು ಅವಳು ಥೀಸಿಸ್‌ನಿಂದ ತೆಗೆದುಹಾಕಲಿಲ್ಲ. ಅದಕ್ಕೆಂದೇ ಒಂದು ಪ್ರತ್ಯೇಕ ಭಾಗ ಬರೆದಳು.

ಆರು ವಾರದ ಮೇಲೆ ಅವರು ಕೊನೆಯ ಪರೀಕ್ಷೆಗೆ ಬಂದರು. ಅವತ್ತು ಪರೀಕ್ಷೆಯ ಕೋಣೆಯಲ್ಲಿ ನನ್ನ ಪಾಳಿ. ಪರದೆ ಎಳೆಯಲು ಹೋದಾಗ, “ನೀವು ಹೊರಗ ಇರ್ರಿ,” ಅಂದರು. ದನಿ ಗಟ್ಟಿಯಾಗಿರಲಿಲ್ಲ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಒಳಗೆ ಪಾತ್ರೆಯ ಸದ್ದು, ದೀಪ ಸರಿಸಿದ ಸದ್ದು. ಆಮೇಲೆ ಮೇಡಂ ದನಿ: “ಪೂರ್ತಿ ಮಾಯ್ದದ. ಇನ್ನ ಚಿಂತಿ ಇಲ್ಲ.”

ಅವರು ಹೊರಬಂದರು. ಗಂಡ ಔಷಧಿ ತರಲು ಹೋಗಿದ್ದರು. ಕಾಯಲು ಬೇರೆ ಜಾಗ ಇರಲಿಲ್ಲ. ಅದೇ ಬೆಂಚಿನ ಆ ತುದಿಗೆ ಕುಳಿತರು. ಮುಂದಿನ ಗೋಡೆ ನೋಡುತ್ತಲೇ ಕೇಳಿದರು.

“ಈಗೂ ಅದೇ ಕೆಲಸ ಮಾಡಾಕತ್ತೀರೇನು?”

“ಬಿಡಿಸಿದ್ದರ್ರಿ. ಬರೋ ಸೋಮವಾರದಿಂದ ಮತ್ತ ಆಪರೇಷನ್ ರೂಮಿಗಿ ಬಾ ಅಂದಾರ.”

“ಅಂಜಿಕಿ ಬರ್ತದೇನು?”

ಸುಳ್ಳು ಹೇಳುವ ಧೈರ್ಯ ಇರಲಿಲ್ಲ. “ಭಾಳ ಬರ್ತದ್ರಿ.”

ಅವರು ಸೆರಗು ಸರಿಮಾಡಿಕೊಂಡು ಎದ್ದರು. ಗಂಡ ಔಷಧಿಯ ಚೀಲ ಹಿಡಿದು ಬರುತ್ತಿದ್ದರು.

“ಇರ್ಲಿ,” ಅಂದರು. “ಆ ಅಂಜಿಕಿ ಬಿಡಬ್ಯಾಡ್ರಿ.”